ಇಲ್ಲದ ಕೂಸಿನ ಬಾಣಂತನ

ಹೋದ ತಿಂಗಳು ನಾನು ಅವರೆಕಾಯಿ ಸುಲಿಯುತ್ತ ಕುಳಿತಿದ್ದಾಗ ಮೊಮ್ಮಗಳು ರಂಜಿತ ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಯಾವುದೋ ಬಿಸಿನೆಸ್ ಸ್ಕೂಲಿಗೆ ಅರ್ಜಿ ತುಂಬುತ್ತಿದ್ದಳು. ಒಂದು ಪ್ರಶ್ನೆಗೆ ಬಂದು ಅವಳ ಕೈ ನಿಂತಿತು. ಬ್ಯಾಂಕಿನ ಕೆಲಸ ಬಿಟ್ಟ ಮೇಲೆ ಒಂದು ವರ್ಷ ಎಲ್ಲಿದ್ದೆ, ಏನು ಮಾಡುತ್ತಿದ್ದೆ ಎಂದು ಬರೆಯಬೇಕಂತೆ. ಆ ವರ್ಷ ಅವಳು ನಮ್ಮ ಒಳಕೋಣೆಯಲ್ಲಿ ಕಿಟಕಿ ಮುಚ್ಚಿಕೊಂಡು ಮಲಗಿದ್ದಳು. ಮನಸ್ಸಿನ ಡಾಕ್ಟರು ಕೊಟ್ಟ ಮಾತ್ರೆಯನ್ನು ನಾನೇ ಎಷ್ಟೋ ಸಲ ನೀರಿನೊಂದಿಗೆ ಕೊಟ್ಟಿದ್ದೇನೆ. ಅದನ್ನು ಹೇಗೆ ಬರೆಯುವುದು ಎಂದು ಅವಳು ಕೇಳಿದಾಗ ನನ್ನ ಸೊಸೆ ಅಡುಗೆಮನೆಯಿಂದಲೇ ಹೇಳಿದಳು. "ಅಜ್ಜಿಗೆ ಹುಷಾರಿರಲಿಲ್ಲ, ನೋಡ್ಕೊಳ್ಳೋಕೆ ಕೆಲಸ ಬಿಟ್ಟೆ ಅಂತ ಬರಿ. ಯಾರು ಬಂದು ನೋಡ್ತಾರೆ?"

ರಂಜಿತ ನನ್ನ ಮುಖ ನೋಡಿದಳು. ನಾನು ತಲೆ ಎತ್ತಲಿಲ್ಲ. ಅವರೆಕಾಳೆಲ್ಲ ಸಿಪ್ಪೆಯ ಮೊರಕ್ಕೆ ಬೀಳುತ್ತಿದ್ದುದು ಆಮೇಲೆ ಗೊತ್ತಾಯಿತು.

ಸೊಸೆಯ ಮೇಲೆ ನನಗೆ ಸಿಟ್ಟಿಲ್ಲ. ಮಗಳ ಒಳ್ಳೆಯದಕ್ಕೆ ಹೇಳಿದಳು. ನನ್ನ ಅತ್ತೆಯೂ ಮಗಳ ಒಳ್ಳೆಯದಕ್ಕೆ ಎಂದೇ ಒಂದು ಕಾಲದಲ್ಲಿ ಹೀಗೇ ಮಾಡಿದ್ದರು. ಎದುರಿಗೆ ಕುಳಿತು ಬಾಯಿಬಿಟ್ಟು ಹೇಳಲು ನನ್ನಿಂದ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ರಂಜಿತ ಮೊದಲು ಓದಲಿ, ಉಳಿದ ಮೊಮ್ಮಕ್ಕಳು ಆಮೇಲೆ ಓದಿಕೊಳ್ಳಲಿ.

ನಾನು ಹುಟ್ಟಿದ್ದು ಕೋಟೆ ತಾಲ್ಲೂಕಿನಲ್ಲಿ, ಕೇರಳದ ಗಡಿಯ ಕಾಡಿಗೆ ಹತ್ತಿರದ ಎನ್. ಬೇಗೂರಿನ ಕಡೆ. ಮದುವೆಯಾಗಿ ಬಂದಿದ್ದು ಭೇರ್ಯದ ಹತ್ತಿರದ ಈ ಊರಿಗೆ. ಆಗಿನ ಲೋವರ್ ಸೆಕೆಂಡರಿ ಪಾಸು ಮಾಡಿದ ಸೊಸೆ ಊರಿಗೆ ನಾನೊಬ್ಬಳೇ. ಹಾಗಾಗಿ ಹೆಂಗಸರ ಸಹಕಾರ ಸಂಘ ಅಂಗಡಿ ತೆರೆದಾಗ ಅದರಲ್ಲಿ ಕೂರಲು ನನ್ನನ್ನು ಕರೆದರು. ಅತ್ತೆಗೆ ಇಷ್ಟವಿರಲಿಲ್ಲ. ನಿಮ್ಮ ತಾತ, "ನಾಕಕ್ಷರ ಕಲ್ತವ್ಳೆ, ಕೂತ್ಕಳ್ಲಿ ಬುಡವ್ವ" ಎಂದು ಒಪ್ಪಿಸಿದರು. ಬೇಳೆ, ಬೆಲ್ಲ, ಸೀಮೆಎಣ್ಣೆ, ಮೆಣಸಿನಕಾಯಿ ತೂಗಿ ಕೊಡುವುದು ನನ್ನ ಕೆಲಸ. ಗಂಡಸರ ಎದುರು ತಲೆ ಎತ್ತದ ನಾನು ತಕ್ಕಡಿ ಹಿಡಿದರೆ ಮಾತ್ರ ಬೇರೆಯವಳಾಗುತ್ತಿದ್ದೆ.

ಕೆಮ್ಮು ಶುರುವಾದದ್ದು ಆ ಅಂಗಡಿಯಲ್ಲೇ. ಮೆಣಸಿನಕಾಯಿ ಮೂಟೆ ಬಿಚ್ಚಿದರೆ ಯಾರೇ ಆಗಲಿ ಕೆಮ್ಮುತ್ತಾರೆ. ಹಾಗಾಗಿ ನಾನು ಕೆಮ್ಮಿದ್ದು ಯಾರಿಗೂ ವಿಶೇಷ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ. ಸಂಜೆಗೆ ಮೈ ಬಿಸಿಯಾಗುತ್ತಿತ್ತು. ಮುದ್ದೆ ಕಂಡರೆ ಹೊಟ್ಟೆ ತೊಳಸುತ್ತಿತ್ತು. ಕಣ್ಣಿನ ಸುತ್ತ ಕಪ್ಪಾಯಿತು. ಊರಿನ ಹೆಂಗಸರು ನನ್ನನ್ನು ನೋಡಿ ನಗಲು ಶುರು ಮಾಡಿದರು. ಪಕ್ಕದ ಮನೆಯ ಪುಟ್ಟತಾಯಿ ಸಂಘದ ಸದಸ್ಯೆ, ನನಗಿಂತ ಸ್ವಲ್ಪ ದೊಡ್ಡವಳು. ಒಂದು ದಿನ ಎಣ್ಣೆಗೆ ಬಂದವಳು ಎಲ್ಲರ ಎದುರು, "ಏನವ್ವ ಸಾಕಮ್ಮ, ನಿಂತದಾ?" ಎಂದು ಕೇಳಿದಳು. ಮದುವೆಯಾಗಿ ಮೂರು ವರ್ಷವಾಗಿತ್ತು, ಮಗುವಾಗಿರಲಿಲ್ಲ. ನಾನು ನಾಚಿಕೊಂಡು ಸೆರಗು ಬಾಯಿಗೆ ಇಟ್ಟುಕೊಂಡೆ. ಅಷ್ಟೇ ಸಾಕಾಯಿತು. ಸಂಜೆಯೊಳಗೆ ಊರಿಗೆಲ್ಲ ನಾನು ಬಸುರಿ.

ಅದೇ ವಾರ ಕೆಮ್ಮಿದಾಗ ಸೆರಗಿನ ಮೇಲೆ ರಕ್ತ ಬಂತು.

ನಿಮ್ಮ ತಾತ ನನ್ನನ್ನು ಮೈಸೂರಿಗೆ ಕರೆದುಕೊಂಡು ಹೋದರು. ಎದೆರೋಗದ ಆಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಬೆಳಗ್ಗೆಯಿಂದ ಕುಳಿತಿದ್ದೆವು. ಅಲ್ಲಿ ಕುಳಿತವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಪರಿಚಯದವರು ಯಾರಾದರೂ ಸಿಕ್ಕಿಬಿಟ್ಟರೆ ಎಂದು ಎಲ್ಲರಿಗೂ ಭಯ. ನಿಮ್ಮ ತಾತ ಟವೆಲನ್ನು ಮುಖಕ್ಕೆ ಮುಚ್ಚಿಕೊಂಡು ನಿದ್ದೆ ಬಂದವರಂತೆ ಕುಳಿತಿದ್ದರು. ಎದೆಯ ಫೋಟೋ ನೋಡಿ ಡಾಕ್ಟರು, ಕ್ಷಯ, ಇಲ್ಲೇ ಇರಬೇಕು, ತಿಂಗಳುಗಟ್ಟಲೆ ಇರಬೇಕು ಎಂದರು. ಸಾಯುತ್ತೇನೋ ಇಲ್ಲವೋ ಎಂದು ಕೇಳುವ ಮೊದಲು ನನಗೆ ಬಂದ ಯೋಚನೆ, ಊರಿಗೆ ಏನು ಹೇಳುವುದು ಎಂಬುದು. ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಆ ಕಾಲದಲ್ಲಿ ಕ್ಷಯ ಬಂದ ಮನೆಗೆ ಹೆಣ್ಣು ಕೊಡುತ್ತಿರಲಿಲ್ಲ, ಆ ಮನೆಯಿಂದ ತರುತ್ತಲೂ ಇರಲಿಲ್ಲ. ನನ್ನ ನಾದಿನಿ ಜಯಕ್ಕನಿಗೆ ಗಂಡು ನೋಡುತ್ತಿದ್ದರು. ಅತ್ತೆ ಸುದ್ದಿ ಕೇಳಿ ಬಹಳ ಹೊತ್ತು ಒಲೆಯ ಮುಂದೆ ಕುಳಿತರು. ಆಮೇಲೆ, "ಊರೋರೇ ಬಸುರಿ ಅಂದವ್ರೆ. ಅಂಗೇ ಇರ್ಲಿ. ಹೆರಿಗೆಗೆ ತೌರಿಗೆ ಓದ್ಲು ಅಂತೀನಿ. ಬೇಗೂರಿನ ಕಾಡ್ಗೆ ಯಾರ್ ಓಗಿ ನೋಡಾರು?" ಎಂದರು. ಯಾರೂ ಹೋಗಿ ನೋಡಲಿಲ್ಲ. ಹೊರಡುವ ದಿನ ಪುಟ್ಟತಾಯಿ ಬಂದು ಮಡಿಲು ತುಂಬಿದಳು. ಅವಳೂ ಆಗಷ್ಟೇ ಬಸುರಿಯಾಗಿದ್ದಳು. ನಾನು ಅಕ್ಕಿ, ಬೆಲ್ಲ, ಕೊಬ್ಬರಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಕ್ಷಯದ ಆಸ್ಪತ್ರೆಗೆ ಹೋಗಿ ಸೇರಿದೆ.

ಆಸ್ಪತ್ರೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ದಿನವೂ ಚುಚ್ಚುಮದ್ದು, ಬಾಯೆಲ್ಲ ಕೆಡುವಷ್ಟು ಪುಡಿ, ಮಾತ್ರೆ. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಅಂದಿನಿಂದ ನನ್ನ ಜೊತೆಗೇ ಇದೆ. ನೀವು ಕರೆದರೆ ಒಂದೊಂದು ಸಲ ನನಗೆ ಕೇಳಿಸದಿರುವುದು ಅದಕ್ಕೇ. ಸಿಸ್ಟರ್ ಒಬ್ಬರು ಕೇರಳದವರು, ನನ್ನ ತವರಿನ ಕಡೆಯ ಮಾತಿನ ರಾಗ ಅವರ ಕನ್ನಡದಲ್ಲಿತ್ತು. ಅವರು ಬಂದು ಸೂಜಿ ಚುಚ್ಚಿದರೂ ತವರಿನವರು ಬಂದಂತೆ ಆಗುತ್ತಿತ್ತು.

ಪಕ್ಕದ ಮಂಚದಲ್ಲಿ ಕಾಕನಕೋಟೆ ಕಡೆಯ ಮಾದಿ ಇದ್ದಳು. ಕಾಡಿನಂಚಿನ ಗಿರಿಜನರ ಹಾಡಿಯವಳು, ಗಿಡ ನೆಡುವ ಕೂಲಿಗೆ ಹೋಗುತ್ತಿದ್ದವಳು. ಅವಳನ್ನು ನೋಡಲು ಯಾರೂ ಬರುತ್ತಿರಲಿಲ್ಲ. ನನ್ನನ್ನು ನೋಡಲು ನಿಮ್ಮ ತಾತ ಬರುತ್ತಿದ್ದರು. ಊರಿಗೆ, ಬಸುರಿ ಹೆಂಡತಿಯನ್ನು ನೋಡಲು ಬೇಗೂರಿಗೆ ಹೋಗುತ್ತೇನೆ ಎಂದು ಹೇಳಿ ಬರುತ್ತಿದ್ದರು. ಬರುವಾಗ ಊರಿನ ಹೆಂಗಸರು ಬರಿಗೈಯಲ್ಲಿ ಬಿಡುತ್ತಾರೆಯೇ? ಹೆರಿಗೆಯ ಲೆಕ್ಕ ಹಾಕಿಕೊಂಡು ಬಾಣಂತಿ ಖಾರ, ಅಂಟಿನುಂಡೆ ಕಳಿಸಿದರು. ಪುಟ್ಟತಾಯಿ ತನ್ನ ಹಳೇ ಸೀರೆಗಳನ್ನು ಒಟ್ಟಿಗೆ ಹೊಲಿದು ಕೂಸಿಗೆಂದು ಪುಟ್ಟ ದುಪ್ಪಟಿ ಮಾಡಿ ಕಳಿಸಿದ್ದಳು. ನಿಮ್ಮ ತಾತ ಅದನ್ನು ಚೀಲದಿಂದ ತೆಗೆದು ನನ್ನ ಮಂಚದ ಮೇಲಿಟ್ಟು ಕಿಟಕಿಯ ಕಡೆ ತಿರುಗಿಕೊಂಡರು.

ಮಾದಿಗೆ ಎಲ್ಲ ಹೇಳಿದೆ. ಅವಳೊಬ್ಬಳಿಗೇ ಹೇಳಿದ್ದು. ಅವಳು ಅಂಟಿನುಂಡೆ ಕಚ್ಚಿಕೊಂಡು ಕೆಮ್ಮು ಬರುವಷ್ಟು ನಕ್ಕಳು. "ನೀನೇ ವಾಸಿ ಬುಡಕ್ಕ. ನಿಮ್ಮೂರೋರು ನಿಂಗೆ ಇಲ್ದಿರೋ ಕೂಸ್ ಕೊಟ್ಟವ್ರೆ. ನಮ್ಮೋರು ಇರೋ ನನ್ನೇ ಸತ್ತೋದ್ಲು ಅಂದ್ಕೊಂಡವ್ರೆ." ಅಲ್ಲಿಂದ ಮುಂದೆ ಬೆಳಗ್ಗೆ ಎದ್ದ ಕೂಡಲೇ, "ಕೂಸ್ ಎಂಗದೆ ಅಕ್ಕ? ರಾತ್ರಿ ಅಳ್ತಾ?" ಎಂದು ಕೇಳುವುದು ಅವಳ ರೂಢಿಯಾಯಿತು. ವಾರ್ಡಿನವರಿಗೆಲ್ಲ ಅದೊಂದು ನಗು. ನಾನೂ ನಗುತ್ತಿದ್ದೆ. ಆದರೆ ಮಾದಿ ವಾಸಿಯಾಗಿ ಹೊರಟ ದಿನ, ಬಾಗಿಲಲ್ಲಿ ನಿಂತು, "ಕೂಸ್ನ ಜ್ವಾಪಾನ ಕಣಕ್ಕ" ಎಂದಾಗ ಅವಳು ನಗಲಿಲ್ಲ, ನಾನೂ ನಗಲಿಲ್ಲ. ಅಷ್ಟರಲ್ಲಿ ನಾನು ಆ ದುಪ್ಪಟಿಯನ್ನು ತಬ್ಬಿಕೊಂಡು ಮಲಗುವುದನ್ನು ಕಲಿತಿದ್ದೆ.

ವಾಸಿಯಾಗಿ ನಾನು ಹೊರಡುವಾಗ ಆ ದುಪ್ಪಟಿ ತರಲಿಲ್ಲ. ಹಾಸಿಗೆಯಲ್ಲಿ ಬಳಸಿದ್ದ ಬಟ್ಟೆಯನ್ನು ಸುಟ್ಟುಬಿಡುವುದು ಒಳ್ಳೆಯದು ಎಂದು ಸಿಸ್ಟರ್ ಹೇಳಿದರು, ಬಿಟ್ಟು ಬಂದೆ.

ಊರಿಗೆ ಬಂದ ದಿನ ಬಾಗಿಲಿಗೆ ಹೆಂಗಸರು ಸೇರಿದರು. ನನ್ನ ಕೈ ಖಾಲಿ ಇತ್ತು. ಒಬ್ಬರು ಅತ್ತೆಯನ್ನು, "ಕೂಸೆಲ್ಲಿ?" ಎಂದು ಕೇಳಿದರು. ಅತ್ತೆ ಸೆರಗನ್ನು ಕಣ್ಣಿಗೆ ಇಟ್ಟುಕೊಂಡರು. ಅವರು ನಿಜವಾಗಿ ಅತ್ತದ್ದು ಬದುಕಿ ಬಂದ ನನಗಾಗಿ ಇರಬಹುದು, ನನಗೆ ಗೊತ್ತಿಲ್ಲ. ಹೆಂಗಸರು ತಮಗೆ ತಿಳಿದ ಹಾಗೆ ತಿಳಿದುಕೊಂಡರು. ಒಬ್ಬೊಬ್ಬರೇ ಬಂದು ನನ್ನ ತಲೆ ಸವರಿ ಅತ್ತರು. ಹತ್ತು ತಿಂಗಳು ಆಸ್ಪತ್ರೆಯಲ್ಲಿ, ಯಾರಾದರೂ ಒಬ್ಬರು ಹೀಗೆ ತಲೆ ಸವರಲಿ ಎಂದು ಕಾದಿದ್ದೆ. ಈಗ ಊರೇ ಬಂದಿತ್ತು. ಆದರೆ ಅದು ನನ್ನ ಎದೆಯ ನೋವಿಗೆ ಬಂದದ್ದಲ್ಲ, ಹುಟ್ಟದ ಕೂಸಿಗೆ ಬಂದದ್ದು. ಅಷ್ಟು ಜನರ ನಡುವೆ ನನಗೆ ಸೇರಬೇಕಾದ್ದು ನನಗೆ ಸೇರದೆ ಹೋಗುತ್ತಿದ್ದುದನ್ನು ನೋಡುತ್ತ ಕುಳಿತಿದ್ದೆ.

ಅತ್ತೆ ನನ್ನನ್ನು ಹಿಂದಿನ ಕೋಣೆಯಲ್ಲಿ ಇಟ್ಟರು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಬೇರೆ ತಟ್ಟೆ, ಬೇರೆ ಲೋಟ, ಬಿಸಿ ಅನ್ನ, ಮೆಣಸಿನ ಸಾರು. ಊರಿನವರಿಗೆ ಅದು ಮಗು ಕಳೆದುಕೊಂಡ ಬಾಣಂತಿಯ ಆರೈಕೆ. ಅತ್ತೆಗೆ ಅದು ಕ್ಷಯದವಳನ್ನು ದೂರ ಇಡುವ ಉಪಾಯ. ಎರಡಕ್ಕೂ ಒಂದೇ ಕೋಣೆ, ಒಂದೇ ತಟ್ಟೆ ಸಾಕಾಯಿತು. ನನ್ನ ಲೋಟವನ್ನು ನಾನೇ ಬೇರೆ ತೊಳೆದು ಬೇರೆ ಇಡುವುದನ್ನು ನೀವು ಮಡಿ ಎಂದು ತಮಾಷೆ ಮಾಡುತ್ತೀರಲ್ಲ, ಅದು ಆಗ ಹಿಡಿದ ಅಭ್ಯಾಸ.

ಒಂದು ಮಧ್ಯಾಹ್ನ ಪುಟ್ಟತಾಯಿ ಆ ಕೋಣೆಗೆ ಬಂದಳು. ಕಂಕುಳಲ್ಲಿ ಅವಳ ಮಗು. ಜ್ವರ ಬಂದು ಅವಳ ಹಾಲು ಬತ್ತಿಹೋಗಿತ್ತು. ಮಗು ಅತ್ತು ಅತ್ತು ಸೋತು ಮುಲುಗುಟ್ಟುತ್ತಿತ್ತು. ಅವಳು ನನ್ನ ಕಾಲ ಹತ್ತಿರ ಕುಳಿತು, ಯಾರಿಗೂ ಕೇಳದ ಹಾಗೆ ಹೇಳಿದಳು.

"ನಿನ್ ಹಾಲು ಕಟ್ಕೊಂಡು ನೋಯ್ತಿರ್ತದೆ ಸಾಕಮ್ಮ. ನನ್ ಮಗೀಗೆ ಒಂದೊತ್ತು ಕೊಡವ್ವ. ನಿಂಗೂ ಹಗುರಾಯ್ತದೆ, ಇದೂ ಉಳ್ಕಂಡದು."

ಮಗುವನ್ನು ನನ್ನ ಕಡೆ ಚಾಚಿದಳು. ನನ್ನ ಎದೆಯಲ್ಲಿ ಹಾಲೆಲ್ಲಿ ಬರಬೇಕು? ಅದಕ್ಕಿಂತ ಹೆಚ್ಚಾಗಿ, ಎಳೆ ಕೂಸುಗಳ ಮುಖದ ಹತ್ತಿರ ಸದ್ಯಕ್ಕೆ ಹೋಗಬೇಡ ಎಂದು ಡಾಕ್ಟರು ಹೇಳಿದ್ದರು. ಮಗುವಿನ ಕೈ ನನ್ನ ಸೆರಗನ್ನು ಹಿಡಿಯಿತು. ನಾನು ಅದನ್ನು ಬಿಡಿಸಿ ಗೋಡೆಯ ಕಡೆ ತಿರುಗಿ ಮಲಗಿದೆ. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಎಲ್ಲವೂ ಹೊರಗೆ ಬೀಳುತ್ತಿತ್ತು.

ಪುಟ್ಟತಾಯಿ ಮಗುವನ್ನು ಮತ್ತೆ ಕಂಕುಳಿಗೆ ಏರಿಸಿಕೊಂಡಳು. ಆಮೇಲೆ ಎದ್ದಳು. "ನಾ ಕೊಟ್ಟ ದುಪ್ಪಟೀನೂ ಕೂಸಿನ್ ಜೊತೆ ಮಣ್ಗಾಕ್ದ್ರಾ?" ಎಂದು ಕೇಳಿದಳು. "ಕಲ್ಲಾಗ್ಬುಟ್ಟೆ ಕಣವ್ವ ನೀನು" ಎಂದು ಹೊರಟುಹೋದಳು. ಅವಳ ಮಗು ಆಡಿನ ಹಾಲಿನಲ್ಲಿ ಉಳಿಯಿತು. ಆದರೆ ಅವಳು ನನ್ನೊಡನೆ ಮಾತು ಬಿಟ್ಟಳು. ಕಾಯಿಲೆಯಲ್ಲಿ ಸತ್ತಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿದ್ದು ಆಸ್ಪತ್ರೆಯಲ್ಲಲ್ಲ, ಆ ಮಧ್ಯಾಹ್ನ.

ಎಂಟು ತಿಂಗಳಾದ ಮೇಲೆ ನಾನು ಮತ್ತೆ ಅಂಗಡಿಗೆ ಹೋದೆ. ಸಂಘ ದೊಡ್ಡದಾಗಿತ್ತು, ಕಾರ್ಯದರ್ಶಿ ಬೇಕಾಗಿತ್ತು. ಅದಕ್ಕೆ ಮೈಸೂರಿನಲ್ಲಿ ಸಹಕಾರ ತರಬೇತಿ ಆಗಿರಬೇಕು. ಸರಕು ಕೊಳ್ಳುವುದು, ಮಾರುವುದು, ಲೆಕ್ಕ ಬರೆಯುವುದು, ವ್ಯಾಪಾರದ ಪತ್ರ ಬರೆಯುವುದು ಎಲ್ಲ ಅಲ್ಲಿ ಕಲಿಸುತ್ತಿದ್ದರು. ರಂಜಿತ, ನಿನ್ನ ಬಿಸಿನೆಸ್ ಸ್ಕೂಲು ಇದ್ದಂತೆ ಅದು ನನಗೆ. ಅಲ್ಲಿ ಸೀಟು ಸಿಕ್ಕದಿದ್ದರೆ ನನ್ನ ಜಾಗಕ್ಕೆ ಹೊರಗಿನಿಂದ ಕಲಿತವರೊಬ್ಬರನ್ನು ತರುತ್ತಿದ್ದರು, ನಾನು ಆ ಹಿಂದಿನ ಕೋಣೆಗೇ ವಾಪಸು. ಆ ಸೀಟು ಬೇಕೆಂದು ಆಸೆಪಟ್ಟ ಹಾಗೆ ನಾನು ಬೇರೆ ಯಾವುದನ್ನೂ ಆಸೆಪಟ್ಟಿಲ್ಲ.

ಸಂದರ್ಶನಕ್ಕೆ ಸಂಘದ ಒಬ್ಬ ಸದಸ್ಯೆ ಜೊತೆಗೆ ಬರಬೇಕಿತ್ತು. ಬಂದದ್ದು ಪುಟ್ಟತಾಯಿ. ಬೇರೆಯವರಿಗೆ ಕಳೆ ಕೀಳುವ ಕೆಲಸವಿತ್ತು. ಆಗ ನಡೆಯಲು ಕಲಿಯುತ್ತಿದ್ದ ಮಗುವನ್ನೂ ಎತ್ತಿಕೊಂಡು ಬಂದಳು. ಬಸ್ಸಿನಲ್ಲಿ ಮೈಸೂರಿನವರೆಗೆ ಮಾತಿಲ್ಲ.

ಅಧಿಕಾರಿ ವಯಸ್ಸಾದವರೇನಲ್ಲ, ಆದರೆ ಮುಖ ಬಾಡಿತ್ತು. ನನ್ನ ಕಾಗದ ನೋಡಿ ಕೇಳಿದರು. "ಅಂಗಡೀಲಿ ಇದ್ದಿರಿ. ಆಮೇಲೆ ಒಂದೂವರೆ ವರ್ಷ ಕೆಲಸ ಇಲ್ಲ. ಮತ್ತೆ ಸೇರಿದ್ದೀರಿ. ಯಾಕಮ್ಮ?"

ನನ್ನನ್ನು ಕಲ್ಲು ಎಂದಿದ್ದ ಪುಟ್ಟತಾಯಿಯೇ ನನ್ನ ಪರವಾಗಿ ಉತ್ತರ ಕೊಟ್ಟಳು. "ಬಾಣಂತನಕ್ಕೆ ಓಗಿದ್ಲು ಸಾ. ಕೂಸು ಉಳೀಲಿಲ್ಲ. ಅದ್ಕೇ ತಡ ಆಯ್ತು. ಕೆಲ್ಸದಲ್ಲಿ ಭಾಳ ನಿಯತ್ತಿನೋಳು."

ಅಲ್ಲಿಗೆ ಮುಗಿಯಬೇಕಿತ್ತು. ಅಧಿಕಾರಿ ಪೆನ್ನು ಕೆಳಗಿಟ್ಟರು. ತಗ್ಗಿದ ದನಿಯಲ್ಲಿ ಹೇಳಿದರು. "ನಮ್ಮ ಮನೇಲೂ ಹೀಗೇ ಆಯ್ತಮ್ಮ. ಹೆಣ್ಣು ಮಗು. ನಮ್ಮ ಮನೆಯವರು ಹಾಸಿಗೆ ಬಿಟ್ಟು ಎದ್ದಿಲ್ಲ, ಯಾರು ಏನು ಹೇಳಿದರೂ ಕೇಳೋದಿಲ್ಲ. ನೀವು ಎದ್ದು ಇಷ್ಟು ದೂರ ಬಂದಿದ್ದೀರಿ. ಹೇಗೆ ಎದ್ದಿರಿ? ಹೇಳಿ, ಮನೆಗೆ ಹೋಗಿ ಅವರಿಗೆ ಹೇಳ್ತೀನಿ."

ಸೀಟು ನನ್ನ ಕೈಯಲ್ಲಿತ್ತು. ಏನಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತು, ದೇವರಿದ್ದಾನೆ ಎಂದಿದ್ದರೂ ನಡೆಯುತ್ತಿತ್ತು. ಆದರೆ ಆ ಮನುಷ್ಯ ನನ್ನ ಮಾತನ್ನು ಹೊತ್ತುಕೊಂಡು ಹೋಗಿ, ನಿಜವಾಗಿ ಕೂಸು ಕಳೆದುಕೊಂಡ ಹೆಂಗಸಿನ ತಲೆದೆಸೆಯಲ್ಲಿ ಕುಳಿತು ಹೇಳುತ್ತಾರೆ. ಅದು ನನ್ನಿಂದ ಆಗಲಿಲ್ಲ.

"ನಂಗೊತ್ತಿಲ್ಲ ಸಾರ್" ಎಂದೆ. "ನನಗೆ ಕೂಸು ಆಗಿರಲಿಲ್ಲ. ನನಗೆ ಕ್ಷಯ ಆಗಿತ್ತು. ಈಗ ವಾಸಿಯಾಗಿದೆ."

ಹಾಗೆ ಹೇಳಿದರೆ ಎದೆ ಹಗುರಾಗುತ್ತದೆ ಎಂದು ಜನ ಹೇಳುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ನೆಲ ಬಾಯಿ ಬಿಡಲಿ ಎನ್ನಿಸಿತು. ಅಧಿಕಾರಿ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು, ಇಲ್ಲವೇ ನನಗೆ ಹಾಗೆ ಕಂಡಿತು. ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಹೊಸದಾಗಿ ಎದೆಯ ಫೋಟೋ ತೆಗೆಸಿ ಡಾಕ್ಟರ ಕಾಗದ ತನ್ನಿ, ಆಮೇಲೆ ನೋಡೋಣ ಎಂದರು. ಅವರ ದನಿ ಮೊದಲಿನಂತೆ ಅಧಿಕಾರಿಯ ದನಿಯಾಗಿತ್ತು. ನಾನು ಪುಟ್ಟತಾಯಿಯ ಕಡೆ ನೋಡದೆ ಹೊರಗೆ ಬಂದೆ.

ವಾಪಸು ಬರುವ ಬಸ್ಸಿನಲ್ಲಿ ಅವಳು ನನ್ನ ಪಕ್ಕದಲ್ಲೇ ಕುಳಿತಳು. ಬೇರೆ ಸೀಟುಗಳು ಖಾಲಿ ಇದ್ದವು. ಮಗು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಇಲವಾಲ ದಾಟುವವರೆಗೆ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಆಮೇಲೆ, "ದುಪ್ಪಟಿ?" ಎಂದಳು.

"ಆಸ್ಪತ್ರೇಲೇ ಬುಟ್ಟೆ ಕಣಕ್ಕ. ಸುಟ್ಬುಡ್ತಾರಂತೆ."

"ಅಂಗಾರೆ ಮಣ್ಗಾಕ್ಲಿಲ್ಲ."

"ಇಲ್ಲ. ನಾನೇ ಹೊದ್ಕೊಂಡಿದ್ದೆ."

ಹಾಲು ಕೇಳಿ ಬಂದಿದ್ದ ಆ ಮಧ್ಯಾಹ್ನದ ಲೆಕ್ಕ ಅವಳ ಮುಖದಲ್ಲಿ ನಡೆಯುತ್ತಿದ್ದುದು ನನಗೆ ಕಾಣುತ್ತಿತ್ತು. ಕೊನೆಗೆ, "ನಿನ್ ಕೂಸಿಗೆ ಎಷ್ಟತ್ತಿದ್ದೀನಿ ಗೊತ್ತಾ ನಾನು?" ಎಂದು ಬೈದಳು. ಬೈಯುತ್ತಲೇ ಅವಳ ಕಣ್ಣು ತುಂಬಿತು. "ಬಾಯ್ಬುಟ್ಟು ಒಂದ್ಮಾತು ಯೋಳಿದ್ರೆ ನಿಂಗೇ ಅಳ್ತಿದ್ನಲ್ಲೇ." ಎಂದವಳು ನಿದ್ದೆ ಹೋಗಿದ್ದ ಮಗುವನ್ನು ಎತ್ತಿ ನನ್ನ ಮಡಿಲಿಗೆ ಹಾಕಿದಳು. "ಇಡ್ಕೊ. ನನ್ ತೊಡೆ ಮರಗಟ್ಟದೆ."

ನಾನು ಉಸಿರನ್ನೂ ಪಕ್ಕಕ್ಕೆ ಬಿಡುತ್ತ, ಮುಖ ಕಿಟಕಿಗೆ ತಿರುಗಿಸಿಕೊಂಡು ಊರಿನವರೆಗೆ ಆ ಮಗುವನ್ನು ಹಿಡಿದುಕೊಂಡಿದ್ದೆ.

ಎದೆಯ ಫೋಟೋ ಚೆನ್ನಾಗಿತ್ತು, ಸೀಟು ಸಿಕ್ಕಿತು. ಆದರೆ ಹಾಸ್ಟೆಲಿನಲ್ಲಿ ನನಗೆ ಮೂಲೆಯ ಕೋಣೆ ಕೊಟ್ಟರು. ಅಲ್ಲಿಗೆ ಬಂದಿದ್ದ ಬೇರೆ ಹೆಂಗಸರು ನನ್ನ ಲೋಟ ಮುಟ್ಟಲಿಲ್ಲ. ನಿಜ ಹೇಳಿದ್ದಕ್ಕೆ ಸಿಕ್ಕಿದ್ದು ಅದೂ ಹೌದು, ಮರೆಮಾಚಿ ಬರೆಯುವುದಿಲ್ಲ. ನಾನು ಕಲಿತು ಬಂದು ವರ್ಷಗಟ್ಟಲೆ ಆ ಸಂಘದ ಕಾರ್ಯದರ್ಶಿಯಾಗಿದ್ದೆ. ಊರಿನಲ್ಲಿ ಪುಟ್ಟತಾಯಿ ಯಾರಿಗೂ ಏನೂ ಹೇಳಲಿಲ್ಲ. ಜಯಕ್ಕನ ಮದುವೆಯೂ ಆಯಿತು. ಊರಿನವರ ಲೆಕ್ಕದಲ್ಲಿ ನಾನು ಕೊನೆಯವರೆಗೂ ಒಂದು ಕೂಸು ಕಳೆದುಕೊಂಡವಳೇ.

ರಂಜಿತ, ಆ ಪ್ರಶ್ನೆಗೆ ನನ್ನ ಕಾಯಿಲೆ ಎಂದೇ ಬರೆದರೂ ನನಗೆ ಬೇಸರವಿಲ್ಲ. ಬೇಕಾದರೆ ಎರಡು ಕಾಯಿಲೆ ಬರೆದುಕೋ. ಆದರೆ ನಾಳೆ ಅಲ್ಲಿ ಯಾರೋ ಒಳ್ಳೆಯವರು, "ಈಗ ಅಜ್ಜಿ ಹೇಗಿದ್ದಾರೆ?" ಎಂದು ಕೇಳುತ್ತಾರೆ. ಆ ವರ್ಷವೆಲ್ಲ ಕಿಟಕಿ ಮುಚ್ಚಿಕೊಂಡು ಮಲಗಿದ್ದವಳು ನೀನು. ಅವರು ಕೇಳಿದ್ದು ನಿನ್ನನ್ನಲ್ಲ ಎಂದು ಆಗ ನಿನಗೆ ಅನ್ನಿಸುತ್ತದೆ. ಅದೊಂದು ನನಗೆ ಗೊತ್ತಿದೆ, ಅದಕ್ಕೇ ಹೇಳಿದೆ.

ಇನ್ನೊಂದು ಬರೆದು ನಿಲ್ಲಿಸುತ್ತೇನೆ. ತರಬೇತಿ ಮುಗಿದ ಕೆಲವು ವರ್ಷಕ್ಕೆ ನಿಮ್ಮಪ್ಪ ಹುಟ್ಟಿದ. ನೋವು ಶುರುವಾಗಿ ಬಹಳ ಹೊತ್ತಾದರೂ ಹೆರಿಗೆಯಾಗಲಿಲ್ಲ. ಸೂಲಗಿತ್ತಿ ಬೆವರು ಒರೆಸಿಕೊಳ್ಳುತ್ತ, "ಎರಡ್ನೇದು ಸಲೀಸಾಗಿ ಬರ್ಬೇಕಲ್ಲ, ಇದ್ಯಾಕ್ ಇಂಗೆ?" ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ಅತ್ತೆ ಗೋಡೆ ನೋಡುತ್ತಿದ್ದರು. ನಾನು ಹೆದರಿ ಹಲ್ಲು ಕಚ್ಚಿಕೊಂಡಿದ್ದೆ. ನನ್ನ ಬೆನ್ನಿಗೆ ಆಸರೆಯಾಗಿ ಕುಳಿತಿದ್ದ ಪುಟ್ಟತಾಯಿ ಬಗ್ಗಿ, ನನಗೊಬ್ಬಳಿಗೇ ಕೇಳುವ ಹಾಗೆ ಕಿವಿಯಲ್ಲಿ ಹೇಳಿದಳು.

"ಎದುರ್ಕಬ್ಯಾಡ ಕಣವ್ವ. ಚೊಚ್ಚಲು. ವಸಿ ಒತ್ತಾಯ್ತದೆ."